ಸರ್ವರ್ ಎಲ್ಲೇ ಇರಲಿ, ವಿಳಾಸ ಬೆಟಗೇರಿಯದ್ದೇ ಇರಲಿ

‘ಅಮೆರಿಕಾ ಸರ್ವರ್ ಬ್ಯಾಡ್ರೀ ಸಾಹುಕಾರ್ರ. ಸ್ವಲ್ಪ ರೊಕ್ಕ ಹೆಚ್ಚಾದ್ರೂ ಇಂಡಿಯಾ ಸರ್ವರ್ ತಗೋರಿ, ಗೂಗಲ್‌ನ್ಯಾಗ ನಿಮ್ಮದ ಮೊದಲ ಬರ್ತದ.’

ವೆಬ್‌ಸೈಟ್ ಮಾಡಿಕೊಡುವವರು ಗದಗಿನ ಟಾಂಗಾ ಕೂಟದ ಅಂಗಡಿಕಾರರಿಗೆ, ಬೆಟಗೇರಿಯ ಸೀರೆ ವ್ಯಾಪಾರಿಗಳಿಗೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬೀಜ-ಗೊಬ್ಬರದ ಅಂಗಡಿಯವರಿಗೆ ಹೇಳುವ ಮಾತಿದು. ಕೇಳಿದವರಿಗೆ ಸರಿಯೆಂದೇ ತೋರುತ್ತದೆ. ಗಿರಾಕಿ ನಮ್ಮವರು, ಅಂಗಡಿ ನಮ್ಮದು, ಸರ್ವರ್ ಮಾತ್ರ ಯಾಕೆ ಸಮುದ್ರದಾಚೆ ಇರಬೇಕು? ಈ ಮಾತಿನಲ್ಲಿ ಹಳೆಯ ಕಾಲದ ಒಂದು ನಿಜ ಇದೆ, ಈಗಿನ ಕಾಲದ ಅರ್ಧ ನಿಜ ಇದೆ. ಅರ್ಧ ನಿಜ ನಂಬಿ ರೊಕ್ಕ ಹಾಕುವವರು ಸಣ್ಣ ಊರಿನ ವ್ಯಾಪಾರಸ್ಥರು, ಮಠ, ಶಾಲೆ, ಸಹಕಾರಿ ಸಂಘಗಳ ಕಾರ್ಯದರ್ಶಿಗಳು. ಅವರಿಗಾಗಿ ಇದನ್ನು ಬಿಡಿಸಿ ಬರೆಯುವುದು ಅಗತ್ಯ ಅನ್ನಿಸಿತು.

ಹಳೆಯ ನಿಜದಿಂದ ಶುರು ಮಾಡೋಣ. ಗೂಗಲ್‌ನ ಭಾರತದ ಪುಟದಲ್ಲಿ ಹುಡುಕುವ ಪೆಟ್ಟಿಗೆಯ ಕೆಳಗೆ ‘ಭಾರತದ ಪುಟಗಳು’ ಎಂಬ ಆಯ್ಕೆ ಇದ್ದದ್ದು ಸೈಬರ್ ಕೆಫೆಯ ಕಾಲದವರಿಗೆ ನೆನಪಿದ್ದೀತು. ಯಾವ ಪುಟ ಭಾರತದ್ದು ಎಂದು ತಿಳಿಯಲು ಆಗ ಗೂಗಲ್ ಮುಖ್ಯವಾಗಿ ಎರಡು ಗುರುತು ಹಿಡಿಯುತ್ತಿತ್ತು. ಒಂದು, ಹೆಸರಿನ ಕೊನೆಯ ‘ಡಾಟ್ ಇನ್’. ಇನ್ನೊಂದು, ಸರ್ವರ್‌ನ ಐಪಿ ಸಂಖ್ಯೆ. ಆ ಸಂಖ್ಯೆ ನೋಡಿದರೆ ಸರ್ವರ್ ಯಾವ ದೇಶದಲ್ಲಿದೆ ಎಂದು ಅಂದಾಜು ಸಿಗುತ್ತದೆ. ‘ಡಾಟ್ ಕಾಮ್’ ಹೆಸರಿಟ್ಟು ಅಮೆರಿಕದ ಅಗ್ಗದ ಸರ್ವರ್ ಹಿಡಿದವರು ಈ ಜರಡಿಯಲ್ಲಿ ಕೆಳಗೆ ಬೀಳುತ್ತಿದ್ದರು. 2007ರಲ್ಲಿ ಗೂಗಲ್ ತನ್ನ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲಿ ‘ನನ್ನ ತಾಣ ಇಂಥ ದೇಶದವರಿಗೆ’ ಎಂದು ಮಾಲೀಕರೇ ಹೇಳಲು ಅವಕಾಶ ಕೊಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ಆ ಸೌಲಭ್ಯವನ್ನೂ ತೆಗೆದುಹಾಕಿತು. ಅಷ್ಟರಲ್ಲಿ ಪುಟ ಯಾರಿಗಾಗಿ ಎಂಬುದನ್ನು ಬೇರೆ ಗುರುತುಗಳಿಂದ ತಿಳಿಯುವುದು ಅದಕ್ಕೆ ರೂಢಿಯಾಗಿತ್ತು. ಈ ನಡುವೆ 2017ರ ಅಕ್ಟೋಬರ್‌ನಿಂದ, ಯಾವ ದೇಶದ ಫಲಿತಾಂಶ ತೋರಿಸಬೇಕು ಎಂಬುದಕ್ಕೆ ಹುಡುಕುವವರು ಬಳಸುವ ಗೂಗಲ್ ವಿಳಾಸದ ಬದಲು ಅವರು ನಿಂತಿರುವ ಜಾಗವೇ ಆಧಾರವಾಯಿತು.

ಹಾಗಾದರೆ ಸರ್ವರ್ ಇರುವ ಜಾಗಕ್ಕೆ ಈಗ ಬೆಲೆ ಎಷ್ಟು? ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಸರ್ವರ್‌ನ ಜಾಗ ಒಂದು ಸುಳಿವು ಆಗಬಹುದು, ಆದರೆ ಅದೇ ನಿರ್ಣಾಯಕವಲ್ಲ. ಎಷ್ಟೋ ತಾಣಗಳು ಒಳ್ಳೆಯ ಸೌಕರ್ಯ ಇರುವ ಬೇರೆ ದೇಶದಲ್ಲಿರುತ್ತವೆ, ಎಷ್ಟೋ ತಾಣಗಳು ಹಲವು ದೇಶಗಳಲ್ಲಿ ಹರಡಿಕೊಂಡಿರುತ್ತವೆ. ಅದಕ್ಕಿಂತ ಗಟ್ಟಿಯಾದ ಗುರುತು ‘ಡಾಟ್ ಇನ್’ ಹೆಸರು. ಪುಟದ ಮೇಲೆ ಬರೆದ ವಿಳಾಸ, ಫೋನ್ ನಂಬರ್, ರೂಪಾಯಿಯಲ್ಲಿ ಹಾಕಿದ ದರ, ಬರಹದ ಭಾಷೆ, ನಮ್ಮ ಭಾಗದ ಬೇರೆ ತಾಣಗಳಿಂದ ಬಂದ ಕೊಂಡಿ, ಗೂಗಲ್ ನಕ್ಷೆಯಲ್ಲಿ ಅಂಗಡಿಯ ನೋಂದಣಿ, ಇವೆಲ್ಲ ಕೂಡಿ ಹೇಳುವ ಸಾಕ್ಷಿಯ ಮುಂದೆ ಐಪಿ ಸಂಖ್ಯೆಯ ಸಾಕ್ಷಿ ಬಲು ತೆಳು. ಸ್ವಾತಂತ್ರ್ಯದವರೆಗೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು. ದಫ್ತರ ಅಷ್ಟು ದೂರದಲ್ಲಿತ್ತೆಂದು ಲಕ್ಷ್ಮೇಶ್ವರವನ್ನು ಯಾರೂ ಮಿರಜದ ಓಣಿ ಅಂದುಕೊಳ್ಳಲಿಲ್ಲ. ಗೂಗಲ್‌ನ ತರ್ಕವೂ ಹಾಗೆಯೇ ಇದೆ.

ಎಲ್ಲ ದೇಶದಲ್ಲೂ ಹೀಗಿಲ್ಲ. ಚೀನಾದ ಮುಖ್ಯಭೂಮಿಯಲ್ಲಿ ಸರ್ವರ್ ಇಡಬೇಕಾದರೆ ಅಲ್ಲಿನ ಸರ್ಕಾರದಲ್ಲಿ ನೋಂದಣಿ ಆಗಬೇಕು. ಹೊರಗಿಟ್ಟ ತಾಣ ಅಲ್ಲಿಯ ಓದುಗರಿಗೆ ತಲುಪುವುದೇ ಕಷ್ಟ. ಅಲ್ಲಿ ಜಾಗದ ಮಾತು ಜೀವನ್ಮರಣದ ಮಾತು. ನಮ್ಮಲ್ಲಿ ಆ ಕಟ್ಟಳೆ ಇಲ್ಲ.

ಇನ್ನು ‘ಹತ್ತಿರದ ಅಂಗಡಿ’ ಎಂದು ಹುಡುಕುವವರ ವಿಷಯ. ಮುಂಡರಗಿ ಬಸ್ ನಿಲ್ದಾಣದಲ್ಲಿ ನಿಂತ ರೈತರೊಬ್ಬರು ಪಂಪ್‌ಸೆಟ್ ರಿಪೇರಿಗೆಂದು ಫೋನಿನಲ್ಲಿ ಹುಡುಕುತ್ತಾರೆ ಅನ್ನಿ. ನಕ್ಷೆಯೊಂದಿಗೆ ಬರುವ ಪಟ್ಟಿಗೆ ಗೂಗಲ್ ನೋಡುವುದು ಮೂರನ್ನು: ಕೇಳಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ಅಂಗಡಿ ಎಷ್ಟು ದೂರ, ಅದು ಎಷ್ಟು ಹೆಸರುವಾಸಿ. ಆ ದೂರ ಫೋನಿನಿಂದ ಅಂಗಡಿಯ ಬಾಗಿಲಿಗೆ ಇರುವ ದೂರ. ಅಂಗಡಿಯ ವೆಬ್‌ಸೈಟ್ ಸಿಂಗಪುರದಲ್ಲಿದ್ದರೂ, ವೆಬ್‌ಸೈಟೇ ಇಲ್ಲದಿದ್ದರೂ, ನಕ್ಷೆಯಲ್ಲಿ ಸರಿಯಾದ ಜಾಗಕ್ಕೆ ಗುರುತು ಬಿದ್ದಿದ್ದರೆ, ವೇಳಾಪಟ್ಟಿ ಸರಿಯಿದ್ದರೆ, ನಾಲ್ಕು ಜನ ಒಳ್ಳೆಯ ಮಾತು ಬರೆದಿದ್ದರೆ ಅಂಗಡಿ ಕಾಣುತ್ತದೆ. ಈ ನೋಂದಣಿಗೆ ರೊಕ್ಕ ಇಲ್ಲ. ಸರ್ವರ್‌ಗೆ ವರ್ಷಾ ಹಣ ಕಟ್ಟುತ್ತ ಇದನ್ನು ಮಾಡದೆ ಬಿಟ್ಟವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಇಷ್ಟು ಹೇಳಿದ ಮೇಲೆ ಸರ್ವರ್ ಎಲ್ಲಿದ್ದರೂ ಒಂದೇ ಎಂದು ಯಾರಾದರೂ ತಿಳಿದರೆ ಅದೂ ತಪ್ಪು. ದೂರಕ್ಕೆ ಒಂದು ಬೆಲೆ ಇದೆ, ಅದು ಸಮಯದ ರೂಪದಲ್ಲಿ ಬರುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು.

ಆಪ್ಟಿಕಲ್ ಫೈಬರ್‌ನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಗದಗದಿಂದ ಮುಂಬೈಗೆ ನೇರ ದೂರ ಸುಮಾರು 500 ಕಿ.ಮೀ. ಹೋಗಿಬರಲು ಬೆಳಕಿಗೆ 5 ಮಿಲಿಸೆಕೆಂಡ್ ಸಾಕು. ಆದರೆ ಕೇಬಲ್ ನೇರ ಹೋಗುವುದಿಲ್ಲ, ದಾರಿಯಲ್ಲಿ ರೂಟರ್‌ಗಳಿವೆ, ಮೊಬೈಲ್ ಟವರ್‌ನ ತಡವೂ ಸೇರುತ್ತದೆ. ಹಾಗಾಗಿ ನಿಜದಲ್ಲಿ 30-40 ಮಿಲಿಸೆಕೆಂಡ್ ಆಗುತ್ತದೆ. ಅಮೆರಿಕದ ಪೂರ್ವ ಕರಾವಳಿಗೆ ನೇರ ದೂರವೇ ಸುಮಾರು 13 ಸಾವಿರ ಕಿ.ಮೀ. ಬೆಳಕು ಎಷ್ಟೇ ಓಡಿದರೂ ಹೋಗಿಬರಲು 130 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದಡಿಯ ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ 200 ದಾಟುವುದು ಮಾಮೂಲು. ಯಾವ ಕಂಪನಿಗೂ ಈ ಮಿತಿಯನ್ನು ಮುರಿಯಲು ಬರುವುದಿಲ್ಲ.

ಒಂದು ಸಲ ಹೋಗಿಬರುವುದಕ್ಕೆ ಸೆಕೆಂಡಿನ ಐದನೇ ಒಂದು ಪಾಲು ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಪುಟ ಒಂದೇ ಸಲದ ಓಡಾಟದಲ್ಲಿ ಬರುವುದಿಲ್ಲ. ಬೆಟಗೇರಿಯ ಸೀರೆ ಅಂಗಡಿಯ ಪುಟವನ್ನು ಮೊದಲ ಸಲ ತೆರೆಯುವ ಫೋನು ಮೊದಲು ಸರ್ವರ್ ಜತೆ ಸಂಪರ್ಕ ಕೂಡಿಸಿಕೊಳ್ಳಬೇಕು, ಒಂದು ಓಡಾಟ. ಆಮೇಲೆ ಗುಪ್ತಲಿಪಿಯ ಕೀಲಿಗಳನ್ನು ಅದಲುಬದಲು ಮಾಡಿಕೊಳ್ಳಬೇಕು; ಹೊಸ ವಿಧಾನದಲ್ಲಿ ಇನ್ನೊಂದು ಓಡಾಟ, ಹಳೆಯದಾದರೆ ಎರಡು. ಮೂರನೆಯದರಲ್ಲಿ ‘ಪುಟ ಕೊಡು’ ಎಂದು ಕೇಳಬೇಕು. ಆಗಲೂ ಸರ್ವರ್ ಎಲ್ಲವನ್ನೂ ಒಮ್ಮೆಗೇ ಸುರಿಯುವುದಿಲ್ಲ. ದಾರಿ ಎಷ್ಟು ತಡೆಯುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಮೊದಲ ಕಂತಿನಲ್ಲಿ ಸುಮಾರು 14 ಕೆಬಿ ಕಳಿಸಿ, ತಲುಪಿತು ಎಂಬ ಉತ್ತರಕ್ಕೆ ಕಾದು, ಬಳಿಕ 28, 56, 112 ಎಂದು ದುಪ್ಪಟ್ಟು ಮಾಡುತ್ತ ಹೋಗುತ್ತದೆ. 200 ಕೆಬಿಯ ಸಾಧಾರಣ ಪುಟಕ್ಕೆ ನಾಲ್ಕು ಕಂತು. ಮೊದಲ ಕಂತು ಆ ಮೂರನೆಯ ಓಡಾಟದಲ್ಲೇ ಬರುವುದರಿಂದ, ಮೊದಲಿನದೆಲ್ಲ ಕೂಡಿಸಿದರೆ ಒಟ್ಟು ಆರು ಓಡಾಟ. ಮುಂಬೈ ಸರ್ವರ್ ಆದರೆ 35ರಂತೆ ಆರಕ್ಕೆ ಸೆಕೆಂಡಿನ ಐದನೇ ಒಂದು ಪಾಲು. ಅಮೆರಿಕದ್ದಾದರೆ 220ರಂತೆ ಆರಕ್ಕೆ 1.3 ಸೆಕೆಂಡ್.

ಈ ಒಂದು ಸೆಕೆಂಡಿನ ಅಂತರ ರ‍್ಯಾಂಕಿಂಗ್‌ಗೆ ಬಂದು ತಾಗುವುದು ಹೀಗೆ. ವೇಗವನ್ನೂ ಗಣನೆಗೆ ತೆಗೆದುಕೊಳ್ಳುತ್ತೇವೆ ಎಂದು ಗೂಗಲ್ 2010ರಲ್ಲಿ ಡೆಸ್ಕ್‌ಟಾಪ್‌ಗೂ 2018ರ ಜುಲೈನಿಂದ ಮೊಬೈಲ್‌ಗೂ ಹೇಳಿತು. 2021ರಿಂದ ‘ಕೋರ್ ವೆಬ್ ವೈಟಲ್ಸ್’ ಎಂಬ ಅಳತೆಗಳು ಬಂದವು. ಅದರಲ್ಲೊಂದು, ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಣ್ಣಿಗೆ ಬೀಳಬೇಕು ಎನ್ನುತ್ತದೆ. ಇದನ್ನು ಅಳೆಯುವುದು ಗೂಗಲ್‌ನ ಪ್ರಯೋಗಾಲಯದಲ್ಲಲ್ಲ. ನಿಜವಾದ ಕ್ರೋಮ್ ಬಳಕೆದಾರರ ಫೋನುಗಳಲ್ಲಿ, 28 ದಿನಗಳ ಲೆಕ್ಕ ಹಿಡಿದು, ನಾಲ್ಕರಲ್ಲಿ ಮೂರು ಸಲವಾದರೂ ಆ ವೇಗ ಸಿಕ್ಕಿತೇ ಎಂದು. ಅಂದರೆ ಶಿರಹಟ್ಟಿಯ ಗಿರಾಕಿಗಳು ಸಾದಾ ಫೋನಿನಲ್ಲಿ, ಸಾದಾ ನೆಟ್‌ವರ್ಕ್‌ನಲ್ಲಿ ತೆರೆದ ಅನುಭವವೇ ಅಂಕವಾಗುತ್ತದೆ. 2.5 ಸೆಕೆಂಡಿನಲ್ಲಿ 1.3 ಸೆಕೆಂಡ್ ದಾರಿಯಲ್ಲೇ ಕಳೆದರೆ ಉಳಿದದ್ದಕ್ಕೆ ಎಡೆ ಕಡಿಮೆ. ಇದು ಆ ಅರ್ಧ ನಿಜ.

ಆದರೆ ಇದಕ್ಕೂ ಎರಡು ಮಿತಿಗಳಿವೆ, ಸರ್ವರ್ ಮಾರುವವರು ಅವನ್ನು ಹೇಳುವುದಿಲ್ಲ. ಬರಹ ಕೇಳಿದ್ದಕ್ಕೆ ಹೊಂದದಿದ್ದರೆ ವೇಗ ಅದನ್ನು ಮೇಲಕ್ಕೆ ಎತ್ತುವುದಿಲ್ಲ. ಒಂದೇ ತೂಕದ ಹಲವು ಪುಟಗಳಿದ್ದಾಗ ವೇಗದ್ದು ಸ್ವಲ್ಪ ಮುಂದೆ ಸರಿಯಬಹುದು, ಅಷ್ಟೇ. ಇನ್ನೊಂದು, ಸಾಕಷ್ಟು ಜನ ಬಾರದ ಸಣ್ಣ ತಾಣಕ್ಕೆ ಬಳಕೆದಾರರ ಆ ಲೆಕ್ಕವೇ ತಯಾರಾಗುವುದಿಲ್ಲ. ದಿನಕ್ಕೆ ನಾಲ್ಕಾರು ಮಂದಿ ನೋಡುವ ತಾಣಕ್ಕೆ ಮಿಲಿಸೆಕೆಂಡಿನ ಚಿಂತೆ ಮೊದಲನೆಯದಾಗಬಾರದು.

ಇಷ್ಟಕ್ಕೂ ನಮ್ಮ ಅಂಗಡಿಗಳ ಪುಟ ನಿಧಾನವಾಗುವುದು ಸಾಮಾನ್ಯವಾಗಿ ಸಮುದ್ರದಿಂದಲ್ಲ, ಫೋಟೊದಿಂದ. ಸೀರೆಯ ಅಂಚು ಚೆನ್ನಾಗಿ ಕಾಣಲಿ ಎಂದು ಕ್ಯಾಮೆರಾದಿಂದ ತೆಗೆದದ್ದನ್ನು ಹಾಗೇ ಏರಿಸುತ್ತಾರೆ. ಒಂದು ಚಿತ್ರ 4 ಎಂಬಿ ಅನ್ನಿ. 4 ಎಂಬಿಪಿಎಸ್ ವೇಗದ ಸಂಪರ್ಕದಲ್ಲಿ ಅದು ಇಳಿಯಲು 8 ಸೆಕೆಂಡ್ ಬೇಕು. ಸರ್ವರ್ ಅಮೆರಿಕದಿಂದ ಮುಂಬೈಗೆ ಬಂದರೆ ಉಳಿಯುವುದು ಒಂದು ಸೆಕೆಂಡ್. ಅದೇ ಚಿತ್ರವನ್ನು ಫೋನಿನ ಅಗಲಕ್ಕೆ ಕುಗ್ಗಿಸಿ 150 ಕೆಬಿಗೆ ಇಳಿಸಿದರೆ ಉಳಿಯುವುದು ಏಳು ಸೆಕೆಂಡಿಗೂ ಹೆಚ್ಚು. ಜರಿಯ ಎಳೆ ಆಗಲೂ ಕಾಣುತ್ತದೆ.

ದೇಶದೊಳಗಿನ ಸರ್ವರ್ ಈಗ ಹಿಂದಿನಷ್ಟು ದುಬಾರಿಯೂ ಅಲ್ಲ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಕ್ಲೌಡ್ ಕೇಂದ್ರ ತೆರೆಯಿತು. ಗೂಗಲ್ 2017ರಲ್ಲಿ ಮುಂಬೈಗೆ ಬಂತು. ಒಂದು ಎಚ್ಚರ ಬೇಕು: ಹೋಸ್ಟಿಂಗ್ ಮಾರುವ ಕಂಪನಿ ಭಾರತದ್ದು ಎಂದ ಮಾತ್ರಕ್ಕೆ ಸರ್ವರ್ ಭಾರತದಲ್ಲಿದೆ ಎಂದಲ್ಲ. ‘ಡೇಟಾ ಸೆಂಟರ್ ಯಾವ ಊರಾಗೈತ್ರಿ?’ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು. ಕಂಪ್ಯೂಟರ್‌ನಲ್ಲಿ ಪಿಂಗ್ ಕೊಟ್ಟು ನೋಡಿದರೂ ಸುಳಿವು ಸಿಗುತ್ತದೆ. 200 ಮಿಲಿಸೆಕೆಂಡ್ ದಾಟಿದರೆ ಅದು ಬಹುಮಟ್ಟಿಗೆ ದೂರದ ದೇಶದ್ದೇ. ಈಗಾಗಲೇ ಹೊರದೇಶದ ಸರ್ವರ್ ಇದ್ದವರಿಗೆ ಸಿಡಿಎನ್ ಎಂಬ ದಾರಿ ಇದೆ. ಕ್ಲೌಡ್‌ಫ್ಲೇರ್‌ನಂಥವರು ಮುಂಬೈ, ಚೆನ್ನೈ, ಬೆಂಗಳೂರು, ಹೈದರಾಬಾದಿನಂಥ ಊರುಗಳಲ್ಲಿ ತಾಣದ ಪ್ರತಿ ಇಟ್ಟುಕೊಂಡು ಅಲ್ಲಿಂದಲೇ ಹಂಚುತ್ತಾರೆ. ಸಣ್ಣ ತಾಣಗಳಿಗೆ ಉಚಿತ ಯೋಜನೆಯೂ ಇದೆ. ಸುಮ್ಮನೆ ಹಚ್ಚಿಬಿಟ್ಟರೆ ಚಿತ್ರ, ಸ್ಕ್ರಿಪ್ಟುಗಳು ಮಾತ್ರ ಹತ್ತಿರದಿಂದ ಬರುತ್ತವೆ, ಮೂಲ ಪುಟ ಹಳೆಯ ಸರ್ವರ್‌ನಿಂದಲೇ ಬರುತ್ತಿರುತ್ತದೆ. ಪುಟವನ್ನೂ ಪ್ರತಿ ಇಡುವಂತೆ ಬೇರೆ ಸೆಟ್ಟಿಂಗ್ ಮಾಡಬೇಕು. ಇದನ್ನು ಮಾಡಿಕೊಟ್ಟರೆ ಡಲ್ಲಾಸ್‌ನಲ್ಲಿರುವ ಲಕ್ಷ್ಮೇಶ್ವರದ ಮನೆತನದವರಿಗೂ ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯ ಫೋಟೊ ತಡವಿಲ್ಲದೆ ತೆರೆಯುತ್ತದೆ. ಮುಂಬೈ ಸರ್ವರ್ ಅವರಿಗೆ ದೂರವೇ ಅಲ್ಲವೇ?

‘ಅಷ್ಟಾದ್ರ ಗದಗಿನ್ಯಾಗ, ನಮ್ಮ ಆಫೀಸಿನ್ಯಾಗ ಒಂದು ಕಂಪ್ಯೂಟರ್ ಇಟ್ರ ಆತಿಲ್ರಿ?’ ಎಂದು ಕೇಳುವವರೂ ಇದ್ದಾರೆ. ಬೇಡ. ಕರೆಂಟ್ ಹೋದ ಹೊತ್ತಿನಲ್ಲಿ, ಪುಟಗಳನ್ನು ಓದಿ ಪಟ್ಟಿ ಮಾಡುವ ಗೂಗಲ್‌ನ ಬಾಟ್ ಬಂದು ಬಾಗಿಲು ತಟ್ಟಿ ಹೋದರೆ, ಹಾಗೆ ಮತ್ತೆ ಮತ್ತೆ ಆದರೆ, ಅದು ಬರುವುದನ್ನೇ ಕಡಿಮೆ ಮಾಡುತ್ತದೆ. ದಿನಗಟ್ಟಲೆ ಮುಚ್ಚಿದ್ದರೆ ಪುಟಗಳು ಪಟ್ಟಿಯಿಂದಲೇ ಇಳಿಯುತ್ತವೆ. ಇನ್ನು ಜಾಗ ಹತ್ತಿರವಿದ್ದ ಮಾತ್ರಕ್ಕೆ ಮಾಹಿತಿಯ ದಾರಿಯೂ ಹತ್ತಿರದ್ದಲ್ಲ. 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಕೇಂದ್ರ ಹುಟ್ಟಿದ್ದೇ, ಭಾರತದ ಒಂದು ಕಂಪನಿಯ ಜಾಲದಿಂದ ಇನ್ನೊಂದಕ್ಕೆ ಹೋಗಬೇಕಾದ ಮಾಹಿತಿ ಹೊರದೇಶ ಸುತ್ತಿ ಬರುವುದನ್ನು ತಪ್ಪಿಸಲು.

ಸರ್ವರ್ ದೇಶದೊಳಗಿರುವುದಕ್ಕೆ ರ‍್ಯಾಂಕಿಂಗ್ ಬಿಟ್ಟು ಬೇರೆ ಒಳ್ಳೆಯ ಕಾರಣವೂ ಇದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾಗಿ ಭಾರತದ ಇಂಟರ್ನೆಟ್ ಕುಂಟಿತು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ ಅದೇ ಆಯಿತು. ಅಂಥ ದಿನ, ಮಾರುವವರೂ ಕೊಳ್ಳುವವರೂ ಗದಗ ಜಿಲ್ಲೆಯಲ್ಲೇ ಇದ್ದರೂ ಹೊರದೇಶದ ಸರ್ವರ್ ಅವರಿಬ್ಬರ ನಡುವೆ ಸಮುದ್ರ ತಂದಿಡುತ್ತದೆ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಗೂಗಲ್‌ನ ಬಾಟ್ ಹೆಚ್ಚಾಗಿ ಅಮೆರಿಕದ ಐಪಿ ಸಂಖ್ಯೆಗಳಿಂದಲೇ ಬರುತ್ತದೆ. ಹ್ಯಾಕರ್‌ಗಳ ಭಯದಿಂದ ‘ಭಾರತದವರಿಗೆ ಮಾತ್ರ ತೆರೆ, ಹೊರದೇಶದವರಿಗೆ ಮುಚ್ಚು’ ಎಂದು ಸರ್ವರ್‌ಗೆ ಬೀಗ ಹಾಕಿದರೆ ಬಾಟ್ ಕೂಡ ಹೊರಗೇ ನಿಲ್ಲುತ್ತದೆ. ಸರ್ವರ್ ದೇಶದಲ್ಲೇ ಇದ್ದು, ವೇಗ ಚೆನ್ನಾಗಿದ್ದು, ಬರಹ ಒಳ್ಳೆಯದಿದ್ದೂ ತಾಣ ಹುಡುಕಾಟದಲ್ಲಿ ಕಾಣದೆ ಹೋಗಲು ಇದೊಂದೇ ಸಾಕು. ಸಾರ್ವಜನಿಕ ಸಂಸ್ಥೆಗಳ ತಾಣ ನೋಡಿಕೊಳ್ಳುವವರು ಇದನ್ನು ಪರೀಕ್ಷಿಸಿಕೊಳ್ಳಬೇಕು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಹಾಕಿದರೆ ಬಾಟ್‌ಗೆ ಅದು ಕಂಡಿತೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಊರಿನ ಹೆಸರು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಬೆಂಗಳೂರಿನಲ್ಲಿ ಕೂತು ‘ಮಾಗಡಿ’ ಎಂದು ಹುಡುಕುವವರ ಪಕ್ಕದಲ್ಲೇ ಕೆಂಪೇಗೌಡರ ಮಾಗಡಿ ಇದೆ. ಹಕ್ಕಿ ನೋಡಲು ಬರುವವರಿಗೆ ವಸತಿ, ಊಟ ಒದಗಿಸುವವರ ಪುಟದಲ್ಲಿ ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ ಎಂದು ಅಕ್ಷರದಲ್ಲಿ ಇರದಿದ್ದರೆ ಯಾವ ಸರ್ವರ್ ಈ ಗೊಂದಲ ಬಿಡಿಸೀತು? ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಗಳನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುವುದುಂಟು. ಪುಟದಲ್ಲಿ ಕನ್ನಡದ ಹೆಸರೂ ಇರಲಿ, ರೂಢಿಯ ಇಂಗ್ಲಿಷ್ ರೂಪವೂ ಇರಲಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮಾತ್ರ ಇನ್ನೊಂದು. ಗದಗ ಮುದ್ರಣ ಕಾಶಿ ಎನ್ನಿಸಿಕೊಂಡ ಊರು. ಶಾಬಾದಿಮಠ, ಸಂಕೇಶ್ವರ ಮೊದಲಾದ ಮನೆತನಗಳ ಹೆಸರಿನಲ್ಲಿ ಇಲ್ಲಿಂದ ಹೊರಟ ಪುಸ್ತಕಗಳು ಉತ್ತರ ಕರ್ನಾಟಕದ ಶಾಲೆ, ಮನೆಗಳನ್ನು ತುಂಬಿದವು. ಇಲ್ಲಿನ ಪ್ರೆಸ್ಸುಗಳ ಕಂಪ್ಯೂಟರ್‌ಗಳಲ್ಲಿ ಇಪ್ಪತ್ತು-ಇಪ್ಪತ್ತೈದು ವರ್ಷಗಳಿಂದ ಬೆರಳಚ್ಚಾದ ಕನ್ನಡಕ್ಕೆ ಲೆಕ್ಕವಿಲ್ಲ: ಸ್ಮರಣ ಸಂಚಿಕೆ, ಸಹಕಾರಿ ಸಂಘದ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಪುರಾಣ ಪ್ರವಚನದ ಪುಸ್ತಿಕೆ, ಊರಿನ ಇತಿಹಾಸ. ಬಹುಪಾಲು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿದೆ. ಕಣ್ಣಿಗೆ ಅದು ಚೊಕ್ಕ ಕನ್ನಡ. ಒಳಗೆ ಅದು ಕನ್ನಡವೇ ಅಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಹೊಡೆದು ಫಾಂಟ್ ಬದಲಿಸಿ ನೋಡಿ: ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಗೀರಿರುವ ‘ಎ’, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ... ಸಾಲು ಹೀಗೆ ಕಾಣುತ್ತದೆ. ಅದನ್ನೇ ಪಿಡಿಎಫ್ ಮಾಡಿ ವೆಬ್‌ಸೈಟಿಗೆ ಏರಿಸಿದರೆ ಗೂಗಲ್ ಓದುವುದು ಆ ಗೋಜಲನ್ನು. ಪುಟ ಯಾವ ಭಾಷೆಯದು ಎಂದು ಗೂಗಲ್ ತೀರ್ಮಾನಿಸುವುದು ಪುಟದ ಮೇಲೆ ಕಾಣುವ ಬರಹದಿಂದ. ಕೋಡ್‌ನಲ್ಲಿ ‘ಭಾಷೆ ಕನ್ನಡ’ ಎಂದು ಬರೆದರೆ ಪ್ರಯೋಜನವಿಲ್ಲ. ಹಾಗಾಗಿ ಕನ್ನಡದಲ್ಲಿ ಹುಡುಕುವವರಿಗೆ ಆ ಪುಟ ಸಿಗುವುದೇ ಕಷ್ಟ. ಏಷ್ಯಾದ ಮೊದಲ ಸಹಕಾರಿ ಸಂಘ ಎಂದು ಹೆಸರಾದ ಕಣಗಿನಹಾಳದ ಸಂಘ 1905ರಲ್ಲಿ ಹುಟ್ಟಿದ ಜಿಲ್ಲೆ ಇದು. ಇಂಥ ನೆಲದ ದಾಖಲೆಗಳು ಫಾಂಟಿನ ಕಾರಣಕ್ಕೆ ಮರೆಯಾಗಿ ಕೂರುವುದು ನೋವಿನ ಸಂಗತಿ.

ದಾರಿ ಇದೆ, ಅದು ಹೋಸ್ಟಿಂಗ್ ಬದಲಿಸುವುದಕ್ಕಿಂತ ಸುಲಭ. ಹಳೆಯ ಫಾಂಟಿನ ಬರಹವನ್ನು ಗೂಗಲ್ ಕನ್ನಡವೆಂದೇ ಓದಬಲ್ಲ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು, ಹಾಗಾಗಿ ‘ವರ್ಷ’, ‘ಕಾರ್ಯದರ್ಶಿ’ಯಂಥ ಮಾತುಗಳು ಕೆಲವೊಮ್ಮೆ ಕೆಡುತ್ತವೆ. ಗದಗಿನ ಡಿಟಿಪಿ ಆಪರೇಟರ್‌ಗಳ ಕೈಗೆ ಇದು ಹೊಸ ಕೆಲಸವೇನಲ್ಲ. ಪ್ರೂಫ್ ತಿದ್ದುವ ಕಣ್ಣು ಅವರಿಗಿದೆ. ಕರಪತ್ರ ಅಚ್ಚಿಗೆ ಹೋಗುವ ದಿನವೇ ಅದರ ಬರಹವನ್ನು ಯೂನಿಕೋಡ್ ಮಾಡಿ, ಪಿಡಿಎಫ್ ಬದಲು ನೇರವಾಗಿ ಪುಟದ ಮೇಲೆ ಹಾಕಿ, ಕೆಳಗೆ ಓಣಿ, ಊರು, ತಾಲ್ಲೂಕು, ಪಿನ್‌ಕೋಡ್ ಬರೆದು, ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಕೊಟ್ಟರೆ ಆಯಿತು. ಹೋಸ್ಟಿಂಗ್ ಕಂಪನಿಯವರ ಜತೆ ದರದ ಮಾತುಕತೆಯನ್ನು ಅದಾದ ಮೇಲೆ ಶುರು ಮಾಡಬಹುದು.